ಬೈಕಿನ ಎಣ್ಣೆ, ಬೋಟಿನ ಎಣ್ಣೆ

ಹಾಸನದಲ್ಲಿ ನಿಂತು ಬೋಟ್ ಎಂಜಿನ್ನಿಗೆ ಟೂ-ಸ್ಟ್ರೋಕ್ ಆಯಿಲ್ ಕೊಡಿ ಎಂದರೆ ಅಂಗಡಿಯವರು ಮೊದಲು ನಮ್ಮ ಮುಖ ನೋಡುತ್ತಾರೆ. ಸಮುದ್ರ ಇರುವುದು ಘಟ್ಟದ ಕೆಳಗೆ. ಪೆಟ್ರೋಲಿಗೇ ಎಣ್ಣೆ ಬೆರೆಸಿ ಓಡಿಸುವ ಈ ಟೂ-ಸ್ಟ್ರೋಕ್ ಎಂಜಿನ್ ಎಂದರೆ ಇಲ್ಲಿ ಕಾಫಿ ತೋಟದ ವೀಡ್ ಕಟರ್, ಮರ ಕುಯ್ಯುವ ಮೆಷಿನ್, ಇಲ್ಲಾಂದ್ರೆ ಯಾರೋ ಮಾರಲು ಮನಸ್ಸು ಬಾರದೆ ಉಳಿಸಿಕೊಂಡ ಆರ್‌ಎಕ್ಸ್ 100. ಆ ಬೈಕ್ ಬರುವುದೂ 1996ಕ್ಕೇ ನಿಂತಿತು. ಪೆಟ್ರೋಲ್ ಬಂಕಿನಲ್ಲಿ ಸ್ಕೂಟರಿಗೆ ಎಣ್ಣೆ ಅಳೆದು ಸುರಿಯುತ್ತಿದ್ದ ಆ ಪುಟ್ಟ ಪಂಪ್ ಈಗಿನ ಹುಡುಗರು ನೋಡಿರುವುದೂ ಅನುಮಾನ.

ನಮ್ಮಕ್ಕನ ಮಗ ಹೇಮಾವತಿ ಹಿನ್ನೀರಿನ ಪಕ್ಕದ ಒಂದು ರೆಸಾರ್ಟಿನಲ್ಲಿ ಬೋಟ್ ನೋಡಿಕೊಳ್ಳುತ್ತಾನೆ. 40 ಎಚ್‌ಪಿಯ, ಎರಡು ಸಿಲಿಂಡರಿನ ಔಟ್‌ಬೋರ್ಡ್ ಎಂಜಿನ್. ಹಗುರವಾದ ಫೈಬರ್ ಬೋಟಿನ ಹಿಂದೆ ಅದನ್ನು ಕಟ್ಟಿ ಪೂರ್ತಿ ಆಕ್ಸಿಲರೇಟರ್ ಕೊಟ್ಟರೆ ಬೋಟಿನ ಮೂತಿ ಮೇಲೆದ್ದು ಹಾರುತ್ತದೆ. ಮಳೆ ನಿಂತು ಶೆಟ್ಟಿಹಳ್ಳಿ ಚರ್ಚು ಇನ್ನೂ ಅರ್ಧ ನೀರಿನಲ್ಲಿರುವ ಆ ಸಮಯಕ್ಕೆ ಶನಿವಾರ, ಭಾನುವಾರ ಬೆಂಗಳೂರಿನವರು ಜಾಸ್ತಿ. ಎಂಜಿನ್ನಿಗೆ ಬಿಡುವೇ ಇಲ್ಲ. ಆಗಲೇ ಅದು ಫುಲ್ ಸ್ಪೀಡಿನಲ್ಲಿ ಮುಕ್ಕರಿಯಲು ಶುರು ಮಾಡಿದ್ದು.

ಬೆಳಿಗ್ಗೆ ಅವನು ಸ್ಪಾರ್ಕ್ ಪ್ಲಗ್ ಎರಡನ್ನೂ ಕರ್ಚೀಫಿನಲ್ಲಿ ಸುತ್ತಿಕೊಂಡು ತೋಟಕ್ಕೆ ಬಂದ. ತುದಿಯಲ್ಲಿ ಬೂದು ಬಣ್ಣದ ಹಕ್ಕಳೆ. "ಎಣ್ಣೆ ಬೆಸ್ಟ್ ಕ್ವಾಲಿಟಿನೇ ಹಾಕಿದೀನಿ ಮಾವ, ರೇಸಿಂಗ್ ಆಯಿಲ್" ಎಂದು ಬಾಟಲಿ ತೋರಿಸಿದ. ಕೆಂಪು ಎಣ್ಣೆ. ಲೇಬಲ್ಲಿನಲ್ಲಿ ಮಣ್ಣು ಹಾರಿಸುತ್ತಾ ನೆಗೆಯುವ ಬೈಕ್. ಬೆಲೆಯೂ ಹಾಗೇ ನೆಗೆದಿತ್ತು.

ಇಬ್ಬರೂ ಹಾಸನಕ್ಕೆ ಹೋದೆವು. ಬಿ.ಎಂ. ರಸ್ತೆಯ ಹಿಂದಿನ ಗಲ್ಲಿಯಲ್ಲಿ ನನಗೆ ಗೊತ್ತಿರುವ ಮೇಸ್ತ್ರಿಯೊಬ್ಬರಿದ್ದಾರೆ. ಈಗ ಬೈಕ್ ರಿಪೇರಿ ಮಾಡುತ್ತಾರೆ, ವಯಸ್ಸಿನಲ್ಲಿ ಮಲ್ಪೆಯಲ್ಲಿ ಮೀನಿನ ದೋಣಿಗಳ ಎಂಜಿನ್ ಬಿಚ್ಚಿದ ಕೈ. ಪ್ಲಗ್ ಕೈಗೆ ಕೊಟ್ಟರೆ ಅವರು ಎಣ್ಣೆಯ ಮಾತನ್ನೇ ಎತ್ತಲಿಲ್ಲ. "ನೀರು ಸರಿಯಾಗಿ ಉಗುಳ್ತಿದೆಯಾ?" ಎಂದರು.

ಔಟ್‌ಬೋರ್ಡಿಗೆ ರೇಡಿಯೇಟರ್ ಇಲ್ಲ. ನೀರಿನೊಳಗೆ ಇಳಿದ ಅದರ ಕಾಲಿನಲ್ಲಿರುವ ಇಂಪೆಲರ್ ಎಂಬ ರಬ್ಬರ್ ಚಕ್ರ ಕೆರೆಯ ನೀರನ್ನೇ ಎಳೆದು ಸಿಲಿಂಡರಿನ ಸುತ್ತ ಓಡಿಸಿ ಹೊರಗೆ ಬಿಡುತ್ತದೆ. ಅದರಲ್ಲಿ ಒಂದು ಸಣ್ಣ ಧಾರೆ ಪಕ್ಕದಿಂದ ಚಿಮ್ಮುತ್ತಿರಬೇಕು. ಧಾರೆ ಸೊರಗಿದರೆ ಎಂಜಿನ್ ಬೇಯುತ್ತಿದೆ ಎಂದರ್ಥ, ಆಗ ಯಾವ ಎಣ್ಣೆ ಹಾಕಿದರೂ ಅಷ್ಟೇ. ಧಾರೆ ಚೆನ್ನಾಗಿದೆ ಎಂದು ಇವನು ಹೇಳಿದ ಮೇಲೆಯೇ ಅವರು ಬಾಟಲಿ ಕೇಳಿದ್ದು. ಮುಂದಿನ ಬೈಕ್ ನೋಡಲೇ ಇಲ್ಲ. ಹಿಂದೆ ತಿರುಗಿಸಿ, ಕನ್ನಡಕ ಏರಿಸಿ, ಚಿಕ್ಕ ಅಕ್ಷರ ಓದಿದರು. "ಜಾಸೋ ಎಫ್‌ಡಿ. ಒಳ್ಳೇ ಎಣ್ಣೇನೇ ಸ್ವಾಮಿ. ನಿಮ್ಮ ವೀಡ್ ಕಟರಿಗೆ ಹಾಕಿ."

ಈ ಜಾಸೋ ಎಂಬುದು ಜಪಾನಿನ ವಾಹನ ಗುಣಮಟ್ಟದ ಗುರುತು. ಟೂ-ಸ್ಟ್ರೋಕ್ ಎಣ್ಣೆಯಲ್ಲಿ ಎಫ್‌ಡಿ ಎಂದರೆ ಮೇಲ್ದರ್ಜೆ. ಗಾಳಿಯಿಂದ ತಣಿಯುವ ಎಂಜಿನ್ನಿನ ಸಿಲಿಂಡರ್ ವಿಪರೀತ ಕಾಯುತ್ತದೆ. ಆ ಕಾವಿನಲ್ಲಿ ಪಿಸ್ಟನ್ ರಿಂಗ್ ಅಂಟದಂತೆ ತೊಳೆಯಲು ಅಂಥ ಎಣ್ಣೆಗಳಲ್ಲಿ ಸಾಮಾನ್ಯವಾಗಿ ಕ್ಯಾಲ್ಸಿಯಂನಂಥ ಲೋಹ ಬೆರೆತ ಡಿಟರ್ಜೆಂಟ್ ಹಾಕಿರುತ್ತಾರೆ. ಲೋಹ ಸುಟ್ಟರೆ ಬೂದಿ ಉಳಿಯಲೇಬೇಕು ಅಲ್ವಾ? ಬೈಕಿಗೆ, ಕಟರಿಗೆ ಅಷ್ಟು ಬೂದಿ ಲೆಕ್ಕಕ್ಕಿಲ್ಲ.

ಔಟ್‌ಬೋರ್ಡಿನ ಕಥೆ ಬೇರೆ. ಅದರೊಳಗೆ ಓಡುವ ನೀರು 50-60 ಡಿಗ್ರಿ ಆಸುಪಾಸಿನಲ್ಲೇ ಇರುತ್ತದೆ. ಸಿಲಿಂಡರಿನ ಗೋಡೆ ತಣ್ಣಗೆ, ಆದರೆ ಕೆಲಸ ಮಾತ್ರ ಕತ್ತೆ ಚಾಕರಿ. ಬೈಕಿನವನು ಗೇರ್ ಬದಲಿಸುತ್ತಾನೆ, ಇಳಿಜಾರಿನಲ್ಲಿ ಬಿಡುತ್ತಾನೆ, ಸಿಗ್ನಲ್ಲಿನಲ್ಲಿ ನಿಲ್ಲುತ್ತಾನೆ. ಬೋಟಿಗೆ ಇಳಿಜಾರೇ ಇಲ್ಲ. ಲೋಡ್ ಲಾರಿಯೊಂದು ಶಿರಾಡಿ ಘಾಟನ್ನು ಮುಗಿಯದಂತೆ ಹತ್ತುತ್ತಲೇ ಇದ್ದ ಹಾಗೆ, ನಿಮಿಷಕ್ಕೆ 5,000 ಸುತ್ತಿನ ಮೇಲೆಯೇ ಓಡುತ್ತಿರಬೇಕು. ಹಾಗೆ ಓಡುವಾಗ ಪಿಸ್ಟನ್ ತಲೆಯ ಮೇಲೆ ಕೂತ ಬೂದಿ ಕೆಂಡವಾದರೆ ಪ್ಲಗ್ ಕಿಡಿ ಹಾರಿಸುವ ಮೊದಲೇ ಪೆಟ್ರೋಲ್ ಹತ್ತಿಕೊಳ್ಳುತ್ತದೆ. ಕೊನೆಗೆ ಪಿಸ್ಟನ್ನಿಗೇ ತೂತು. ಮಲ್ಪೆಯಲ್ಲಿ ಅಂಥ ಪಿಸ್ಟನ್‌ಗಳನ್ನು ಮೇಸ್ತ್ರಿ ಕಂಡಿದ್ದರಂತೆ.

ಅದಕ್ಕೇ ಬೋಟಿಗೆ ಬೂದಿ ಬಿಡದ ಎಣ್ಣೆ ಬೇಕು. ಅದರ ಗುರುತು ಟಿಸಿ-ಡಬ್ಲ್ಯೂ3. ಅಮೆರಿಕದ ದೋಣಿ ತಯಾರಕರ ಸಂಘವಾದ ಎನ್‌ಎಂಎಂಎ ಕೊಡುವ ಮುದ್ರೆ, 1992ರಿಂದ ಚಾಲ್ತಿಯಲ್ಲಿದೆ. ಇದರಲ್ಲಿ ಲೋಹದ ಬದಲು ನೈಟ್ರೋಜನ್ ಆಧಾರದ ಕ್ಲೀನರ್ ಇರುತ್ತದೆ, ಜೊತೆಗೆ ತುಕ್ಕು ಹಿಡಿಯದಂತೆ ಕಾಯುವ ಅಂಶ. ಬರೀ "ಟಿಸಿ-ಡಬ್ಲ್ಯೂ3ಗೆ ಸಮ" ಎಂದು ಬರೆದಿದ್ದರೆ ನಾನಂತೂ ಕೊಳ್ಳುವುದಿಲ್ಲ. ಪರೀಕ್ಷೆ ಪಾಸಾದ ಡಬ್ಬಿಯ ಮೇಲೆ ಆರ್‌ಎಲ್ ಎಂದು ಶುರುವಾಗುವ ನೋಂದಣಿ ನಂಬರ್ ಹುಡುಕಬೇಕು. ಎಣ್ಣೆ ನೀಲಿಯೋ ಹಸಿರೋ ಕೆಂಪೋ ಎಂಬುದು ಸುಮ್ನೆ ಬಣ್ಣ.

ನಮ್ಮ ಹುಡುಗನಿಗೆ ಸಮಾಧಾನವಿಲ್ಲ. "ಹೈ ಪರ್ಫಾರ್ಮೆನ್ಸ್ ಎಂಜಿನ್ ಮಾವ, ಸಾದಾ ಎಣ್ಣೆ ತಡೆಯುತ್ತಾ?" ಎಂದು ನನ್ನನ್ನು ಕೇಳಿದ. ಉತ್ತರ ಮೇಸ್ತ್ರಿಯಿಂದ ಬಂತು: ಸಾದಾ ಬೇಡವಾದರೆ ಅದೇ ಮುದ್ರೆ ಇರುವ ಸಿಂಥೆಟಿಕ್ ತಗೋ. ಹೊಗೆ ಕಡಿಮೆ, ಕಾರ್ಬನ್ ಕಡಿಮೆ. ಆದರೆ ಮುದ್ರೆ ಬಿಟ್ಟು ದುಡ್ಡು ಜಾಸ್ತಿ ಕೊಟ್ಟರೆ ಎಂಜಿನ್ನಿಗೆ ಅದು ತಿಳಿಯುವುದಿಲ್ಲ. ಇದು ನನಗೂ ಸರಿ ಕಂಡಿತು. ರೇಸ್ ಎಂಜಿನ್ನುಗಳಿಗೆ ಒಂದು ಕಾಲದಲ್ಲಿ ಹರಳೆಣ್ಣೆಯನ್ನೇ ಹಾಕುತ್ತಿದ್ದರು. ಜಾರಿಕೆಗೆ ಅದನ್ನು ಮೀರಿಸಿದ್ದಿಲ್ಲ ಎನ್ನುವವರು ಈಗಲೂ ಇದ್ದಾರೆ. ಆದರೆ ರೇಸಿನವರು ಆಗಾಗ ಎಂಜಿನ್ ಬಿಚ್ಚಿ ಆ ಅಂಟನ್ನು ಕೆರೆಯುತ್ತಾರೆ. ರೆಸಾರ್ಟಿನಲ್ಲಿ ಕೆರೆಯುವವರು ಯಾರು?

ಹಾಸನದ ಅಂಗಡಿಗಳಲ್ಲಿ ಅಂದು ಆ ಮುದ್ರೆಯ ಡಬ್ಬಿ ಸಿಗಲಿಲ್ಲ. ಮೇಸ್ತ್ರಿಯೇ ಕರಾವಳಿಯ ಪರಿಚಯದ ಅಂಗಡಿಗೆ ಫೋನ್ ಹಚ್ಚಿ ನನ್ನ ಕೈಗೆ ಕೊಟ್ಟರು. "ಸೀಮೆಎಣ್ಣೆಯದ್ದಾ, ಪೆಟ್ರೋಲಿನದ್ದಾ ಮಾರಾಯ್ರೇ?" ಎಂಬ ಪ್ರಶ್ನೆ ಬಂತು. ಅಲ್ಲಿನ ನಾಡದೋಣಿಗಳ ಎಷ್ಟೋ ಎಂಜಿನ್‌ಗಳು ಪೆಟ್ರೋಲಿನಲ್ಲಿ ಶುರುವಾಗಿ ಸೀಮೆಎಣ್ಣೆಯಲ್ಲಿ ಓಡುವಂಥವು. ನಮ್ಮದು ಪೆಟ್ರೋಲಿನದ್ದು ಎಂದೆ. ಸಂಜೆ ಬಸ್ಸಿನಲ್ಲಿ ಪಾರ್ಸೆಲ್ ಹಾಕುತ್ತೇನೆ ಎಂದರು.

ಉಳಿದದ್ದು ಅಳತೆ. ಅವನ ಎಂಜಿನ್ನಿನ ಕೈಪಿಡಿ ಹೇಳುವುದು 50ಕ್ಕೆ 1. ಲೀಟರಿಗೆ 20 ಎಂಎಲ್, 25 ಲೀಟರಿನ ಟ್ಯಾಂಕಿಗೆ ಅರ್ಧ ಲೀಟರ್. ಇವನು ಕಣ್ಣಳತೆಯಲ್ಲಿ, ಒಳ್ಳೆಯದಾಗಲಿ ಎಂದು ಇನ್ನೊಂದಿಷ್ಟು ಸುರಿಯುತ್ತಿದ್ದನಂತೆ. ಎಣ್ಣೆ ಹೆಚ್ಚಾದರೆ ಹೊಗೆ, ಪ್ಲಗ್ ಗಲೀಜು ಇದ್ದದ್ದೇ. ಅದರ ಜೊತೆಗೆ ಕಾರ್ಬ್ಯುರೇಟರಿನ ಅದೇ ತೂತಿನಲ್ಲಿ ಎಣ್ಣೆ ಜಾಗ ಹಿಡಿದಷ್ಟು ಪೆಟ್ರೋಲ್ ಕಮ್ಮಿ ಹೋಗುತ್ತದೆ, ಎಂಜಿನ್ ಇನ್ನೂ ಕಾಯುತ್ತದೆ. ಕಡಿಮೆಯಾದರೆ ಕೇಳುವುದೇ ಬೇಡ. ಟೂ-ಸ್ಟ್ರೋಕಿನ ಕ್ರ್ಯಾಂಕ್ ಬೇರಿಂಗಿಗೆ ಪೆಟ್ರೋಲಿನ ಜೊತೆ ಬರುವ ಆ ಎಣ್ಣೆಯೇ ಗತಿ. ಬೇರೆ ಎಣ್ಣೆ ತೊಟ್ಟಿ ಇಲ್ಲ.

ನನಗೆ ಎಣ್ಣೆಗಿಂತ ಹೆದರಿಕೆ ಈಗಿನ ಪೆಟ್ರೋಲಿನದು. ಅದರಲ್ಲಿ 20 ಪರ್ಸೆಂಟ್ ಎಥೆನಾಲ್. ಎಥೆನಾಲ್ ಗಾಳಿಯ ತೇವ ಹೀರುತ್ತದೆ, ನಮ್ಮ ಮಳೆಗಾಲದಲ್ಲಿ ತೇವಕ್ಕೇನು ಬರ? ನೀರು ಒಂದು ಮಿತಿ ದಾಟಿದರೆ ನೀರು-ಎಥೆನಾಲ್ ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಇಳಿಯುತ್ತವೆ, ಎಣ್ಣೆ ಪೆಟ್ರೋಲಿನ ಜೊತೆ ಮೇಲೆಯೇ ಉಳಿಯುತ್ತದೆ. ಪೈಪು ಎಳೆಯುವುದು ತಳದಿಂದ. ಅಂದರೆ ಎಣ್ಣೆಯೇ ಇಲ್ಲದ ನೀರುಸಾರಾಯಿ ಎಂಜಿನ್ನಿಗೆ ಹೋಗುತ್ತದೆ. ಎಷ್ಟು ಒಳ್ಳೆ ಎಣ್ಣೆ ಬೆರೆಸಿದ್ದರೂ ಇಲ್ಲಿ ಉಪಯೋಗಕ್ಕಿಲ್ಲ. ಹಾಗಾಗಿ ಆಯಾ ವಾರಕ್ಕೆ ಬೇಕಾದಷ್ಟೇ ಕಲಸು, ಬೋಟ್ ನಿಲ್ಲಿಸುವ ಮೊದಲು ಪೈಪ್ ಕಳಚಿ ಕಾರ್ಬ್ಯುರೇಟರ್ ಖಾಲಿಯಾಗುವವರೆಗೆ ಓಡಿಸು ಎಂದು ಅವನಿಗೆ ಹೇಳಿದೆ. ನೀರಿನಲ್ಲಿ ಇಟ್ಟೇ ಓಡಿಸಬೇಕು, ಒಣಗೆ ಓಡಿಸಿದರೆ ಇಂಪೆಲರಿನ ರಬ್ಬರ್ ಹೋಗುತ್ತದೆ.

ಪಾರ್ಸೆಲ್ ಬಂದ ಮೇಲೆ ಹೊಸ ಪ್ಲಗ್, ಹೊಸ ಎಣ್ಣೆ, ಔಷಧಿ ಅಂಗಡಿಯಿಂದ ತಂದ ಅಳತೆ ಲೋಟ. ಮೇಸ್ತ್ರಿ ಸಿಲಿಂಡರ್ ಹೆಡ್ ಬಿಚ್ಚಿ ಪಿಸ್ಟನ್ ತಲೆ ಕೆರೆದು ಕೊಟ್ಟರು. ತೂತು ಬಿದ್ದಿರಲಿಲ್ಲ. ಹಿನ್ನೀರಿನಲ್ಲಿ ಪೂರ್ತಿ ಆಕ್ಸಿಲರೇಟರ್ ಕೊಟ್ಟಾಗ ಮುಕ್ಕರಿಕೆ ನಿಂತಿತ್ತು. ಅದರಲ್ಲಿ ಎಣ್ಣೆಯ ಪಾಲೆಷ್ಟು, ಹೊಸ ಪ್ಲಗ್ಗಿನ ಪಾಲೆಷ್ಟು ಎಂದು ಮೇಸ್ತ್ರಿಯನ್ನು ಕೇಳಿದರೆ "ಎರಡು ತಿಂಗಳು ಬಿಟ್ಟು ಪ್ಲಗ್ ಬಿಚ್ಕೊಂಡು ಬನ್ನಿ, ಆಗ ಹೇಳ್ತೀನಿ" ಎಂದರು.