ಮಡಕೆಯ ಒಳಮೈ

ನನ್ನ ಮೊದಲ ಮಡಕೆ ಬೆಂಕಿಯಲ್ಲೇ ಒಡೆಯಿತು. ತಿಗರಿ ಇಲ್ಲದೆ ಬರೀ ಕೈಯಲ್ಲಿ ಮಾಡಿದ್ದು ಅದು. ಜೇಡಿಮಣ್ಣನ್ನು ಹಗ್ಗದ ಹಾಗೆ ಹೊಸೆದು, ಸುತ್ತಿನ ಮೇಲೆ ಸುತ್ತು ಕೂರಿಸಿ, ಬೆರಳಿನಿಂದ ಒತ್ತಿ ಬೆಸೆದಿದ್ದೆ. ಬೂದಿಯಿಂದ ಚೂರುಗಳನ್ನು ಆರಿಸುವಾಗ ನೋಡಿದರೆ, ಒಡೆದದ್ದು ಆ ಬೆಸುಗೆಗಳ ಉದ್ದಕ್ಕೇ. ಸಾವಿರಾರು ವರ್ಷ ಹಳೆಯ ಬೋಕಿಗಳೂ, ಅಂದರೆ ಮಡಕೆ ಚೂರುಗಳೂ, ಎಷ್ಟೋ ಸಲ ಹೀಗೇ ಒಡೆದಿರುತ್ತವೆ. ಅವತ್ತಿನಿಂದ ಹಳೇ ಬೋಕಿ ಕಂಡರೆ ನನ್ನ ಕಣ್ಣು ಮೊದಲು ಅದರ ಅಂಚಿಗೆ ಹೋಗುತ್ತದೆ.

ಜೇಡಿಮಣ್ಣೊಂದೇ ಸಾಲದು ಅಂತ ಆಮೇಲೆ ಗೊತ್ತಾಯಿತು. ಒಣಗುವಾಗ ಅದು ಕುಗ್ಗುತ್ತದೆ, ಬಿರಿಯುತ್ತದೆ. ಮರಳೋ, ಹೊಟ್ಟೋ, ಹಳೇ ಮಡಕೆಯ ಪುಡಿಯೋ ಸೇರಿಸಬೇಕು. ಹೊಟ್ಟು ಸೇರಿಸಿದರೆ ಸುಡುವಾಗ ಅದು ಉರಿದುಹೋಗಿ, ಅದರ ಆಕಾರದ ಖಾಲಿ ಜಾಗ ಮಾತ್ರ ಉಳಿಯುತ್ತದೆ. ಅಪ್ಪಿತಪ್ಪಿ ಒಂದು ಕಾಳು ಬಿದ್ದಿದ್ದರೂ ಅದರ ಅಚ್ಚು ಹಾಗೇ ಇರುತ್ತದೆ. ಅದನ್ನು ನೋಡಿ ಆ ಊರಿನವರ ಬಳಿ ಯಾವ ಧಾನ್ಯ ಇತ್ತು ಅಂತ ಹೇಳಬಹುದು. ಜಪಾನಿನಲ್ಲಿ ಸಾವಿರಾರು ವರ್ಷದ ಹಿಂದೆ ಮಾಡಿದ ಜೋಮೊನ್ ಮಡಕೆಗಳ ತಳದಲ್ಲಿ ಚಾಪೆಯ ಹೆಣಿಗೆ, ಎಲೆಯ ನರಗಳು ಮೂಡಿವೆ. ಹಸಿ ಮಡಕೆಯನ್ನು ಅವುಗಳ ಮೇಲೆ ಇಟ್ಟಿದ್ದರು, ಅಷ್ಟೇ. ಚಾಪೆ ಯಾವತ್ತೋ ಮಣ್ಣಾಯಿತು. ಹೆಣಿಗೆ ಉಳಿಯಿತು.

ವ್ಯವಸಾಯ ಬಂದ ಮೇಲೆ ಮಡಕೆ ಬಂತು ಅಂತ ನಾನು ಅಂದುಕೊಂಡಿದ್ದೆ. ಅದು ತಪ್ಪು. ಚೀನಾದ ಶಿಯಾನ್‌ರೆನ್‌ಡಾಂಗ್ ಗುಹೆಯ ಚೂರುಗಳು ಸುಮಾರು 20,000 ವರ್ಷ ಹಳೆಯವು. ಆಗ ಹೊಲವೂ ಇಲ್ಲ, ಬೆಳೆಯೂ ಇಲ್ಲ. ಬೇಟೆಯಾಡಿ, ಗೆಡ್ಡೆ-ಕಾಯಿ ಆಯ್ದು ಬದುಕುತ್ತಿದ್ದವರು ಅವರು. ಕೆಲವು ಚೂರುಗಳ ಹೊರಮೈಯಲ್ಲಿ ಬೆಂಕಿ ತಾಗಿದ ಗುರುತಿದೆ. ಅಂದರೆ ಒಲೆಯ ಮೇಲೆ ಏನೋ ಬೇಯುತ್ತಿತ್ತು, ಅಲ್ವಾ?

ಮ್ಯೂಸಿಯಂನಲ್ಲಿ ಮಡಕೆಯ ಹೊರಗಿನ ಚಿತ್ತಾರ ಮಾತ್ರ ಕಾಣುವಂತೆ ಇಟ್ಟಿರುತ್ತಾರೆ. ನನಗೆ ಒಳಗೆ ಬಗ್ಗಿ ನೋಡುವ ಆಸೆ. ಮೆರುಗು ಹಚ್ಚದ ಮಣ್ಣು ಜಿಡ್ಡನ್ನು ಹೀರುತ್ತದೆ. ಎಷ್ಟು ತೊಳೆದರೂ ಪೂರ್ತಿ ಹೋಗುವುದಿಲ್ಲ. ಒಂದು ಚೂರನ್ನು ಪುಡಿ ಮಾಡಿ ಆ ಜಿಡ್ಡನ್ನು ಹೊರತೆಗೆದರೆ, ಅದು ಮಾಂಸದ್ದೋ ಹಾಲಿನದ್ದೋ ಅಂತ ಪ್ರಯೋಗಾಲಯದಲ್ಲಿ ಗುರುತಿಸುತ್ತಾರೆ. 2020ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಆ ಜಿಡ್ಡಿನಿಂದಲೇ ಮಡಕೆಯ ವಯಸ್ಸನ್ನೂ ಲೆಕ್ಕ ಹಾಕಿ ತೋರಿಸಿದರು.

ಪೋಲೆಂಡಿನಲ್ಲಿ ಮೈತುಂಬ ತೂತಿರುವ ಬೋಕಿಗಳು ಸಿಕ್ಕಿದ್ದವು. ಚೀಸ್ ಸೋಸುವ ಪಾತ್ರೆ ಇರಬೇಕು ಅಂತ ಪುರಾತತ್ವಜ್ಞ ಪೀಟರ್ ಬೊಗುಟ್ಸ್ಕಿ 1980ರ ದಶಕದಲ್ಲೇ ಹೇಳಿದ್ದರು. ಸಾಬೀತಾದದ್ದು 2012ರಲ್ಲಿ, ಅವುಗಳೊಳಗೆ ಹಾಲಿನ ಜಿಡ್ಡು ಸಿಕ್ಕಾಗ. ಸುಮಾರು 7,000 ವರ್ಷದ ಹಿಂದಿನ ಮಾತು ಇದು. ಆಗ ಅಲ್ಲಿನ ದೊಡ್ಡವರಲ್ಲಿ ಹೆಚ್ಚಿನವರಿಗೆ ಹಸಿ ಹಾಲು ಅರಗುತ್ತಿರಲಿಲ್ಲ. ಹಾಲು ಒಡೆಸಿ ಸೋಸಿದರೆ, ಹಾಲಿನಲ್ಲಿರುವ ಅರಗದ ಸಕ್ಕರೆಯಲ್ಲಿ ಜಾಸ್ತಿ ಭಾಗ ಹಾಲೊಡಕಿನ ಜೊತೆ ಹೋಗುತ್ತದೆ. ತಿಂದವರ ಹೊಟ್ಟೆ ನೋಯಲಿಲ್ಲ. ಇದನ್ನು ಯಾರು ಮೊದಲು ಗಮನಿಸಿದರೋ, ಅವರನ್ನು ನೆನೆದರೆ ನನಗೆ ತುಂಬಾ ಗೌರವ ಬರುತ್ತದೆ.

ಎಷ್ಟೋ ಬೋಕಿಗಳಲ್ಲಿ ಬಿರುಕಿನ ಎರಡೂ ಕಡೆ ಕೊರೆದ ತೂತುಗಳಿರುತ್ತವೆ. ದಾರ ಪೋಣಿಸಿ ಬಿಗಿದು ಕಟ್ಟಲು. ನೀರು ನಿಲ್ಲದಿದ್ದರೂ ಕಾಳು ತುಂಬಿಡಬಹುದು.

ಇನ್ನು ಜರ್ಮನಿಯ ಬವೇರಿಯಾದ ಒಳಲೆಗಳು. ಪುಟ್ಟ ಮಕ್ಕಳ ಸಮಾಧಿಗಳಲ್ಲಿ ಸಿಕ್ಕಿದ, ಸಣ್ಣ ಮೂತಿಯ ಪಾತ್ರೆಗಳು. ಸುಮಾರು 2,500ರಿಂದ 3,000 ವರ್ಷ ಹಳೆಯವು. ಒಳಗೆ ಹಾಲಿನ ಜಿಡ್ಡು ಇತ್ತು ಅಂತ 2019ರಲ್ಲಿ ಗೊತ್ತಾಯಿತು. ಇಂಥ ಒಳಲೆಗಳಲ್ಲಿ ಕೆಲವನ್ನು ಪ್ರಾಣಿಯ ಆಕಾರದಲ್ಲೂ ಮಾಡಿದ್ದಾರೆ, ಕಾಲುಗಳ ಸಮೇತ. ಹಾಲು ಕುಡಿಸಲು ಕಾಲು ಬೇಕಿರಲಿಲ್ಲ. ಆ ಕಾಲುಗಳನ್ನು ಯಾರೋ ಕೂತು ಮಗುವಿಗಾಗಿಯೇ ಮಾಡಿ ಅಂಟಿಸಿದ್ದರು.