ಎಡಕ್ಕೆ ತಿರುಗಲೆಂದೇ ಹುಟ್ಟಿದ ವಿಮಾನ: ಶೂಸ್ಟ್ರಿಂಗ್ ಪ್ಲಾನ್ ಹುಡುಕಾಟ, ಈವರೆಗಿನ ಕೆಲಸ

ಮೇ ಕೊನೆ

ಈ ಮಳೆಗಾಲಕ್ಕೆ ಒಂದು ಕಂಟ್ರೋಲ್ ಲೈನ್ ವಿಮಾನ, ಅಂದರೆ ತಂತಿ ಹಿಡಿದು ಹಾರಿಸುವ ಮಾಡೆಲ್ ವಿಮಾನ, ಕಟ್ಟುವುದು ಅಂತ ತೀರ್ಮಾನವಾಗಿದೆ. ಶಿವಮೊಗ್ಗದಲ್ಲಿ ಜೂನ್ ಹಿಡಿದರೆ ಸೆಪ್ಟೆಂಬರ್‌ವರೆಗೆ ಹೊರಗೆ ಹಾರಿಸುವ ಮಾತೇ ಇಲ್ಲ. ಕಟ್ಟೋಕೆ ಇದೇ ಸರಿಯಾದ ಕಾಲ. ಒಂದೇ ಹಟ, ಅದು ಹಳೇ ರೇಸಿಂಗ್ ವಿಮಾನದ ರೂಪದಲ್ಲೇ ಇರಬೇಕು.

ಗೊತ್ತಿಲ್ಲದವರಿಗೆ ಎರಡು ಮಾತು. ಇದರಲ್ಲಿ ರಿಮೋಟ್ ಇರುವುದಿಲ್ಲ. ಕೈಯಲ್ಲೊಂದು ಹಿಡಿ, ಅದರಿಂದ ಎರಡು ತಂತಿ. ತಂತಿಗಳು ಎಡ ರೆಕ್ಕೆಯ ತುದಿಯಿಂದ ಒಳಗೆ ಹೋಗಿ ಬೆಲ್‌ಕ್ರ್ಯಾಂಕ್ ಅನ್ನುವ ಚಿಕ್ಕ ಪಟ್ಟಿಯನ್ನು ಹಿಡಿದಿರುತ್ತವೆ. ಹಿಡಿ ವಾಲಿಸಿದರೆ ಬೆಲ್‌ಕ್ರ್ಯಾಂಕ್ ತಿರುಗುತ್ತದೆ, ಅದು ಕಡ್ಡಿ ತಳ್ಳುತ್ತದೆ, ಬಾಲದ ಎಲಿವೇಟರ್, ಅಂದರೆ ವಿಮಾನವನ್ನು ಏರಿಸಿ ಇಳಿಸುವ ಪಟ್ಟಿ, ಏಳುತ್ತದೆ ಅಥವಾ ಇಳಿಯುತ್ತದೆ. ವಿಮಾನ ನಿಮ್ಮ ಸುತ್ತ ಸುತ್ತುತ್ತದೆ, ನೀವೂ ನಡುವೆ ನಿಂತು ಅದರ ಜೊತೆ ಸುತ್ತುತ್ತೀರಿ. ಎನ್‌ಸಿಸಿ ಏರ್ ವಿಂಗ್‌ನಲ್ಲಿ ಇದ್ದವರಿಗೆ ಇದು ಹೊಸದಲ್ಲ, ನಾನೂ ಅಲ್ಲೇ ಕಲಿತದ್ದು. ಅಮೆರಿಕದ ಪೋರ್ಟ್‌ಲೆಂಡ್ ಊರಿನ ಜಿಮ್ ವಾಕರ್ 1940ರ ಆಸುಪಾಸಿನಲ್ಲಿ 'ಫೈರ್‌ಬಾಲ್' ಅನ್ನುವ ಕಿಟ್ ಮಾರಿ ಈ ಹುಚ್ಚನ್ನು ಊರೂರಿಗೆ ಹಬ್ಬಿಸಿದ.

ಪ್ಲಾನ್‌ಗೇನೂ ಬರವಿಲ್ಲ. 1935ರಿಂದ ಬರುತ್ತಿದ್ದ ಬ್ರಿಟನ್ನಿನ 'ಏರೋಮಾಡೆಲರ್' ಪತ್ರಿಕೆ, ಅಮೆರಿಕದ 'ಮಾಡೆಲ್ ಏರ್‌ಪ್ಲೇನ್ ನ್ಯೂಸ್', 'ಫ್ಲೈಯಿಂಗ್ ಮಾಡೆಲ್ಸ್' ಇವುಗಳಲ್ಲಿ ಬಂದ ಪ್ಲಾನ್‌ಗಳನ್ನು ಪುಣ್ಯಾತ್ಮರು ಸ್ಕ್ಯಾನ್ ಮಾಡಿ ಪುಕ್ಕಟೆ ಇಟ್ಟಿದ್ದಾರೆ. ಕಷ್ಟ ಇರುವುದು ಆರಿಸುವುದರಲ್ಲಿ. 'ರೇಸರ್' ಅಂತ ಹುಡುಕಿದರೆ ಸಿಗುವುದು ಮೂರು ಜಾತಿ. ಬರೀ ನೋಡಲಿಕ್ಕೆ ಚೆಂದದ ಮೂರು ಕಡೆಯ ಚಿತ್ರ, ರಬ್ಬರ್ ಬ್ಯಾಂಡಿನಲ್ಲಿ ಹಾರುವ ಹಗುರದ ಮಾಡೆಲ್, ಆಮೇಲೆ ನಿಜವಾದ ಕಂಟ್ರೋಲ್ ಲೈನ್. ಹೆಸರು ನೋಡಿ ಇಳಿಸಿಕೊಂಡರೆ ಆಗಲ್ಲ. ರೆಕ್ಕೆಯೊಳಗೆ ಬೆಲ್‌ಕ್ರ್ಯಾಂಕ್ ಬರೆದಿದೆಯಾ ಅಂತ ಮೊದಲು ನೋಡಬೇಕು. ಬಾಕಿ ಎಲ್ಲ ಆಮೇಲೆ.

ಜೂನ್ ಮೊದಲು

ಎಲ್ಲರ ಕಣ್ಣೂ ಮೊದಲು ಹೋಗುವುದು ಜೀ ಬೀ ಆರ್-1 ಮೇಲೆ. ನನ್ನದೂ ಹೋಯಿತು. ಗ್ರಾನ್‌ವಿಲ್ ಸಹೋದರರು ಕಟ್ಟಿದ್ದು. 1932ರಲ್ಲಿ ಜಿಮ್ಮಿ ಡೂಲಿಟಲ್ ಇದರಲ್ಲೇ ಕ್ಲೀವ್‌ಲೆಂಡಿನ ವಿಮಾನ ರೇಸ್ ಥಾಮ್ಸನ್ ಟ್ರೋಫಿ ಗೆದ್ದ. ದೊಡ್ಡ ಪ್ರ್ಯಾಟ್ ಅಂಡ್ ವಿಟ್ನಿ ಇಂಜಿನ್, ಅದರ ಹಿಂದೆ ಪೀಪಾಯಿಯಂಥ ಬಾಡಿ, ರೆಕ್ಕೆ ಬರೀ 25 ಅಡಿ. ನೋಡಿದರೆ ನಗು ಬರುತ್ತದೆ, ಆಸೆಯೂ ಆಗುತ್ತದೆ. ಆದರೆ ಮೂತಿ ದಪ್ಪ, ಬಾಲ ಗಿಡ್ಡ. ರೆಕ್ಕೆಗೂ ಬಾಲಕ್ಕೂ ನಡುವೆ ಅಂತರ ಕಮ್ಮಿಯಾದರೆ ವಿಮಾನ ಚೂರು ಮುಟ್ಟಿದರೂ ಕುಣಿಯುತ್ತದೆ. ನಿಜದ ಜೀ ಬೀ ವಿಮಾನಗಳೂ ಜೀವ ತೆಗೆದಿವೆ: 1931ರ ಡಿಸೆಂಬರ್‌ನಲ್ಲಿ ಲೋವೆಲ್ ಬೇಲ್ಸ್, 1933ರಲ್ಲಿ ರಸೆಲ್ ಬೋರ್ಡ್‌ಮನ್. ಗುಂಡನೆಯ ಬಾಡಿಗೆ ಕಟ್ಟಬೇಕಾದ ಪಟ್ಟಿಗಳ ಲೆಕ್ಕ ಹಾಕಿ ಅದನ್ನು ಪಕ್ಕಕ್ಕಿಟ್ಟೆ.

ಡಿ ಹ್ಯಾವಿಲೆಂಡ್ ಡಿಎಚ್-88 ಕಾಮೆಟ್ ಬಿಡುವುದು ಅದಕ್ಕಿಂತ ಕಷ್ಟವಾಯಿತು. 1934ರ ಇಂಗ್ಲೆಂಡ್–ಮೆಲ್ಬರ್ನ್ ರೇಸ್ ಗೆದ್ದ ಕೆಂಪು ವಿಮಾನ. ಆ ರೇಸಿನಲ್ಲಿ ಎಲ್ಲರೂ ಇಳಿಯಲೇಬೇಕಿದ್ದ ಊರುಗಳಲ್ಲಿ ನಮ್ಮ ಅಲಹಾಬಾದ್ ಕೂಡ ಒಂದು. ಸ್ಕಾಟ್ ಮತ್ತು ಕ್ಯಾಂಪ್‌ಬೆಲ್ ಬ್ಲ್ಯಾಕ್ ಜೋಡಿ ಸುಮಾರು 71 ಗಂಟೆಯಲ್ಲಿ ಮೆಲ್ಬರ್ನ್ ಮುಟ್ಟಿತು. ಆದರೆ ಅದಕ್ಕೆ ಎರಡು ಇಂಜಿನ್. ಎರಡು ಮೋಟರ್, ಎರಡು ಕಂಟ್ರೋಲರ್, ಎರಡು ಪಟ್ಟು ದುಡ್ಡು. ಇನ್ನೊಂದು ಮಳೆಗಾಲಕ್ಕೆ ಇರಲಿ.

ಕೊನೆಗೆ ಮನಸ್ಸು ನಿಂತದ್ದು ಗುಡ್‌ಇಯರ್ ರೇಸರ್‌ಗಳ ಮೇಲೆ. ಯುದ್ಧ ಮುಗಿದ ಮೇಲೆ ಕ್ಲೀವ್‌ಲೆಂಡಿನಲ್ಲಿ ಮಸ್ಟಾಂಗ್, ಕೋರ್ಸೇರ್ ತರದ ಯುದ್ಧವಿಮಾನಗಳೇ ರೇಸಿಗೆ ನುಗ್ಗಿದವು. ಮನೆಯ ಶೆಡ್ಡಿನಲ್ಲಿ ವಿಮಾನ ಕಟ್ಟುವವರಿಗೆ ಜಾಗ ಉಳಿಯಲಿಲ್ಲ. ಆಗ 1947ರಲ್ಲಿ ಗುಡ್‌ಇಯರ್ ಕಂಪನಿ ಚಿಕ್ಕ ವಿಮಾನಗಳಿಗೆಂದೇ ಒಂದು ಟ್ರೋಫಿ ಇಟ್ಟಿತು. ಇಂಜಿನ್ 190 ಕ್ಯೂಬಿಕ್ ಇಂಚು ಮೀರಬಾರದು, ರೆಕ್ಕೆ 66 ಚದರ ಅಡಿಗಿಂತ ಕಮ್ಮಿ ಇರಬಾರದು. ಮೊದಲ ವರ್ಷ ಗೆದ್ದದ್ದು ಸ್ಟೀವ್ ವಿಟ್‌ಮನ್ ಕಟ್ಟಿದ 'ಬಸ್ಟರ್', ಹಾರಿಸಿದ್ದು ಬಿಲ್ ಬ್ರೆನಾಂಡ್. ಮರುವರ್ಷ ಲಾಕ್‌ಹೀಡ್‌ನವರು ಬಿಡುವಿನಲ್ಲಿ ಕಟ್ಟಿದ 'ಕಾಸ್ಮಿಕ್ ವಿಂಡ್' ಗೆದ್ದಿತು.

ಈ ರೇಸಿನಲ್ಲಿ ಕಂಬ ಸುತ್ತಬೇಕು, ಸುತ್ತುವುದು ಯಾವಾಗಲೂ ಎಡಕ್ಕೆ. ಕಂಟ್ರೋಲ್ ಲೈನ್ ವಿಮಾನ ಸುತ್ತುವುದೂ ಎಡಕ್ಕೇ! ಹತ್ತು ಸಾವಿರ ಅಡಿ ಏರುವುದು, ದೂರದೂರು ಮುಟ್ಟುವುದು ಇವಕ್ಕೆ ಬೇಕಿರಲಿಲ್ಲ. ನೆಲಕ್ಕೆ ಹತ್ತಿರ, ಜೋರಾಗಿ, ಎಡಕ್ಕೆ ತಿರುಗುತ್ತಾ ಇರಬೇಕು, ಅಷ್ಟೇ. ಗಾಡಿ ಸರಳ, ಚಕ್ರ ಮಡಚುವ ಗೋಜಿಲ್ಲ, ರೆಕ್ಕೆ ಬಹುಪಾಲು ನೇರ. ಅಮೆರಿಕದ ಮಾಡೆಲಿಗರು ಇವನ್ನಿಟ್ಟುಕೊಂಡು ಒಂದು ಕಂಟ್ರೋಲ್ ಲೈನ್ ರೇಸ್ ವರ್ಗವನ್ನೇ ಶುರು ಮಾಡಿದ್ದು ಸುಮ್ನೆ ಅಲ್ಲ. ಎಂಟನೇ ಒಂದು ಅಳತೆ, ಚಪ್ಪಟೆ ಹಲಗೆಯ ಬಾಡಿ, 2.5 ಸಿಸಿ ಇಂಜಿನ್.

ನಾನು ಆರಿಸಿದ್ದು 'ಶೂಸ್ಟ್ರಿಂಗ್'. 1949ರ ವಿಮಾನ. ರೆಕ್ಕೆ ಬಾಡಿಯ ನಡುವಲ್ಲಿದೆ, ಹಾಗಾಗಿ ಹಲಗೆಯಲ್ಲಿ ಒಂದು ಸೀಳು ಕೊಯ್ದು ರೆಕ್ಕೆಯನ್ನು ಪಕ್ಕದಿಂದ ತೂರಿಸಿದರೆ ಮುಗಿಯಿತು. ಕಾಸ್ಮಿಕ್ ವಿಂಡ್ ಇದಕ್ಕಿಂತ ಚೆಂದ, ಒಪ್ಪುತ್ತೇನೆ. ಆದರೆ ಅದರ ರೆಕ್ಕೆ ಬಾಡಿಯ ಕೆಳಗಿದೆ. ಗದ್ದೆಯಲ್ಲಿ ಇಳಿಸುವವನಿಗೆ ಅದು ಬೇಡ.

ಜೂನ್, ಮಳೆ ಹಿಡಿದ ಮೇಲೆ

ಸಿಕ್ಕಿದ ಪ್ಲಾನ್ ಎಂಟನೇ ಒಂದು ಅಳತೆಯದ್ದು. ನಿಜದ ವಿಮಾನದ ರೆಕ್ಕೆ ಸುಮಾರು 19 ಅಡಿ, ಪ್ಲಾನಿನಲ್ಲಿ 72 ಸೆಂ.ಮೀ. ರೆಕ್ಕೆಯ ವಿಸ್ತಾರ ನೋಡಿ: 66 ಚದರ ಅಡಿಯನ್ನು 64ರಿಂದ ಭಾಗಿಸಿದರೆ ಒಂದು ಚದರ ಅಡಿಗೆ ಚೂರು ಜಾಸ್ತಿ. ಇಷ್ಟು ಚಿಕ್ಕ ರೆಕ್ಕೆ ರೇಸಿಗೆ ಸರಿ. ನನ್ನ ವಯಸ್ಸಿನ ಕಣ್ಣಿಗೂ ಕಾಲಿಗೂ ಅಲ್ಲ. ಅದಕ್ಕೆ ಆರನೇ ಒಂದಕ್ಕೆ ಹಿಗ್ಗಿಸಿದೆ. ರೆಕ್ಕೆ 96 ಸೆಂ.ಮೀ. ಆಯಿತು, ವಿಸ್ತಾರ ಪ್ಲಾನಿನ ಒಂದೂಮುಕ್ಕಾಲು ಪಟ್ಟು.

ಪ್ರಿಂಟ್ ಹಾಕಿಸಿದ್ದು ಮನೆ ನಕ್ಷೆಗಳ ಪ್ಲಾಟರ್ ಇರುವ ಅಂಗಡಿಯಲ್ಲಿ. ಇಂಜಿನಿಯರ್‌ಗಳೆಲ್ಲ ಬ್ಲೂಪ್ರಿಂಟ್ ತೆಗೆಸುವ ಜಾಗ. ಹುಡುಗ ಸ್ಕ್ರೀನ್ ನೋಡಿ ಕೇಳಿದ:

"ಸಾರ್, ಸೈಟ್ ಅಳತೆ ಎಷ್ಟು? ಒಂದು ಕಡೆ ತುಂಬಾ ಉದ್ದ ಇದೆ."

"ಸೈಟಲ್ಲ ಮಾರಾಯ, ವಿಮಾನ."

"ಹಾಗಾದ್ರೆ ಸ್ಕೇಲ್ ಎಷ್ಟಕ್ಕೆ ಹಾಕ್ಲಿ?"

ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದ. ಎಂಟನ್ನು ಆರರಿಂದ ಭಾಗಿಸಿದರೆ 133 ಪರ್ಸೆಂಟ್. ಹಾಳೆಗೆ ಹೊಂದಿಸುವ ಆಯ್ಕೆ ತೆಗೆಸಿದೆ, ಇಲ್ಲದಿದ್ದರೆ ಯಂತ್ರ ತನಗೆ ತೋಚಿದ ಅಳತೆಗೆ ಹಾಕಿಬಿಡುತ್ತದೆ. ಹಳೇ ಪ್ಲಾನ್‌ಗಳ ಇನ್ನೊಂದು ಕಾಟ ಅಂದರೆ ಸ್ಕ್ಯಾನ್ ಮಾಡುವಾಗ ಕಾಗದ ಒಂದೇ ದಿಕ್ಕಿಗೆ ಎಳೆದಿರುತ್ತದೆ. ಉದ್ದ ಸರಿ ಇದ್ದರೂ ಅಗಲ ಸರಿ ಇರುವುದಿಲ್ಲ. ಎರಡೂ ದಿಕ್ಕಿಗೆ ಗೊತ್ತಿರುವ ಒಂದೊಂದು ಅಳತೆ ಹಿಡಿದು ಸ್ಕೇಲ್ ಇಟ್ಟು ನೋಡಬೇಕು. ನಾನು ಉದ್ದಕ್ಕೆ ರೆಕ್ಕೆ, ಎತ್ತರಕ್ಕೆ ಚಕ್ರ ಹಿಡಿದೆ. ಚಕ್ರ ದುಂಡಗೇ ಬಂದಿದೆ. ನೆಮ್ಮದಿ.

ಹಿಗ್ಗಿಸಿದ ಪ್ಲಾನನ್ನು ಹಾಗೇ ಕಾಪಿ ಹೊಡೆಯಲು ಬರುವುದಿಲ್ಲ. ಆಕಾರ ಹಿಗ್ಗಿದಂತೆ ಮರದ ದಪ್ಪವನ್ನೂ ಹಿಗ್ಗಿಸಿದರೆ ವಿಮಾನ ಒನಕೆಯ ಭಾರ ಆಗುತ್ತದೆ. 3/32 ಇಂಚು ಅಂತಿದ್ದ ಕಡೆ 2.5 ಮಿ.ಮೀ. ಬಾಲ್ಸಾ (ತುಂಬಾ ಹಗುರದ ಮರ), 1/8 ಇಂಚು ಅಂತಿದ್ದ ಕಡೆ 3 ಮಿ.ಮೀ. ಅಷ್ಟೇ ಸಾಕು. ಬೆಲ್‌ಕ್ರ್ಯಾಂಕ್ ಕೂಡ ಪ್ರಿಂಟಿನಲ್ಲಿ ದೊಡ್ಡದಾಗಿ ಬಂದಿದೆ, ಅದನ್ನು ಲೆಕ್ಕಕ್ಕೆ ತಗೊಳ್ಳಬಾರದು. ಮೂಲ ಪ್ಲಾನಿನಲ್ಲಿ ರೆಕ್ಕೆ ಬರೀ ಒಂದು ಬಾಲ್ಸಾ ಹಲಗೆ. ನಾನು ಅದರ ಹೊರಗೆರೆ ಮಾತ್ರ ಇಟ್ಟುಕೊಂಡು ಒಳಗೆ ರಿಬ್ (ರೆಕ್ಕೆಗೆ ಆಕಾರ ಕೊಡುವ ಅಡ್ಡ ಪಕ್ಕೆಲುಬು) ಮತ್ತು ಸ್ಪಾರ್ (ರೆಕ್ಕೆಯ ಉದ್ದಕ್ಕೂ ಹೋಗುವ ತೊಲೆ) ಬರೆದುಕೊಂಡೆ. ಮೇಲೂ ಕೆಳಗೂ ಒಂದೇ ಬಾಗಿನ ರಿಬ್, ಅಗಲದ ನೂರಕ್ಕೆ 15ರಷ್ಟು ದಪ್ಪ. ಬಾಲವನ್ನೂ ಚೂರು ದೊಡ್ಡದು ಮಾಡಿದ್ದೇನೆ. ಅಳತೆಗೆ ನಿಷ್ಠೆ ತಪ್ಪಿತು ಅನ್ನುವವರು ಅನ್ನಲಿ, ನನಗೆ ನೆಟ್ಟಗೆ ಹಾರಿದರೆ ಸಾಕು.

ಬ್ರಿಟಿಷ್ ಪ್ಲಾನ್‌ಗಳಲ್ಲಿ ಒಂದು ಸುಖ ಇದೆ. ತಂತಿಯ ದಪ್ಪ ಗೇಜ್ ಲೆಕ್ಕದಲ್ಲಿರುತ್ತದೆ, ನಮ್ಮ ಹಾರ್ಡ್‌ವೇರ್ ಅಂಗಡಿಯವರಿಗೂ ಅದೇ ಭಾಷೆ. 14 ಗೇಜ್ ಅಂದರೆ 2 ಮಿ.ಮೀ., ಸೈಕಲ್ ಕಡ್ಡಿಯೂ ಅಷ್ಟೇ ದಪ್ಪ. ತಳ್ಳುವ ಕಡ್ಡಿಗೆ ಸೈಕಲ್ ಶಾಪಿನಿಂದ ತಂದದ್ದೇ ಆಯಿತು.

ಜುಲೈ

ಇಂಜಿನ್ ಬಗ್ಗೆ. ಹಿಂದೆ ನಾವು ಹಾರಿಸುತ್ತಿದ್ದದ್ದು ಕೋಲ್ಕತ್ತಾದ ಅರೋರಾ ಡೀಸೆಲ್. ಈಥರ್, ಸೀಮೆಎಣ್ಣೆ, ಹರಳೆಣ್ಣೆ ಬೆರೆಸಿ ಕುಡಿಸಬೇಕು. ಆ ವಾಸನೆ ಮೂಗಿಗೆ ಇವತ್ತಿಗೂ ಹಿತ. ಮನೆಯವರಿಗೆ ಹಿತವಲ್ಲ, ಈಥರ್ ಈಗ ಸುಲಭಕ್ಕೆ ಸಿಗುವುದೂ ಇಲ್ಲ. ಆದ್ದರಿಂದ ಬ್ರಶ್‌ಲೆಸ್ ಮೋಟರ್, ಮೂರು ಸೆಲ್ಲಿನ ಲಿಪೋ ಬ್ಯಾಟರಿ.

ಮೋಟರ್‌ನಿಂದ ಒಂದು ಲಾಭ ಇದೆ, ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ವಿಮಾನದ ಮಾಮೂಲಿ ಫ್ಯಾನು (ಪ್ರೊಪೆಲರ್) ಹಿಂದಿನಿಂದ ನೋಡಿದರೆ ಗಡಿಯಾರದ ದಿಕ್ಕಿಗೆ ತಿರುಗುತ್ತದೆ. ಅದರ ಎದುರೇಟಿಗೆ ವಿಮಾನ ಎಡಕ್ಕೆ ವಾಲುತ್ತದೆ. ಎಡಗಡೆ ಇರುವುದು ಹಾರಿಸುವವನು. ವಿಮಾನ ನಿಮ್ಮ ಕಡೆ ವಾಲಿದರೆ ತಂತಿ ಸಡಿಲ, ತಂತಿ ಸಡಿಲಾದರೆ ಎಲಿವೇಟರ್ ನಿಮ್ಮ ಮಾತು ಕೇಳುವುದಿಲ್ಲ. ಹಳಬರು ಇದಕ್ಕೇ ಬಲ ರೆಕ್ಕೆಯ ತುದಿಗೆ ಸೀಸ ತುಂಬುತ್ತಿದ್ದರು, ಬಾಲದ ನಿಂತ ಪಟ್ಟಿ, ಅಂದರೆ ರಡ್ಡರ್, ಹೊರಕ್ಕೆ ತಿರುಗಿಸುತ್ತಿದ್ದರು. ಮೋಟರ್ ಆದರೆ ಮೂರು ವೈರಿನಲ್ಲಿ ಯಾವುದಾದರೂ ಎರಡನ್ನು ಅದಲುಬದಲು ಮಾಡಿದರೆ ಸಾಕು, ಉಲ್ಟಾ ತಿರುಗುತ್ತದೆ. ಉಲ್ಟಾ ಫ್ಯಾನ್ ಹಾಕಿದರೆ ಎದುರೇಟು ಬಲಕ್ಕೆ, ಅಂದರೆ ತಂತಿ ಬಿಗಿಯಾಗುವ ಕಡೆಗೆ. ಸೀಸವನ್ನು ಪೂರ್ತಿ ಬಿಡುವ ಹಾಗಿಲ್ಲ, ತಂತಿಗಳ ಭಾರಕ್ಕೆ ಸರಿದೂಗಿಸಲು ಸ್ವಲ್ಪ ಬೇಕು. ಬ್ಯಾಟರಿಯನ್ನೂ ಹಲಗೆಯ ಬಲಮಗ್ಗುಲಿಗೇ ಕಟ್ಟುತ್ತಿದ್ದೇನೆ.

ತಂತಿ ಎಷ್ಟು ಎಳೆಯುತ್ತದೆ ಅಂತ ಪಕ್ಕದ ಮನೆಯ ಹುಡುಗ ಕೇಳಿದ. ಪಾಲಿಟೆಕ್ನಿಕ್ ಓದುತ್ತಾನೆ, ಮೋಟರ್ ಶುರು ಮಾಡಿ ನಿಲ್ಲಿಸುವ ಟೈಮರ್ ಕೆಲಸ ಅವನದ್ದೇ. ಇಬ್ಬರೂ ಕೂತು ಲೆಕ್ಕ ಹಾಕಿದೆವು. ವಿಮಾನ 600 ಗ್ರಾಂ, ತಂತಿ 15 ಮೀಟರ್, ವೇಗ ಗಂಟೆಗೆ 80 ಕಿ.ಮೀ. ಅಂತ ಹಿಡಿದರೆ ಎಳೆತ ಎರಡು ಕೆ.ಜಿ. ಹತ್ತಿರ. ಒಂದು ಸುತ್ತಿಗೆ ನಾಲ್ಕು ಸೆಕೆಂಡ್ ಚಿಲ್ಲರೆ. "ಮಾಮ, ನಿಮಗೆ ತಲೆ ತಿರುಗಲ್ವಾ?" ಅಂದ. ತಿರುಗುತ್ತದೆ. ವಿಮಾನದ ಮೇಲೇ ಕಣ್ಣಿಟ್ಟರೆ ಕಮ್ಮಿ, ಹಿಂದಿನ ಮರಗಳನ್ನು ನೋಡಿದರೆ ಮುಗಿಯಿತು.

ಅವನ ಟೈಮರ್ ಒಂದು ಆರ್ಡುಯಿನೋ ನ್ಯಾನೋ, ಪ್ರೋಗ್ರಾಂ ಹಾಕಬಹುದಾದ ಚಿಕ್ಕ ಸರ್ಕ್ಯೂಟ್ ಬೋರ್ಡ್. ಗುಂಡಿ ಒತ್ತಿದರೆ 20 ಸೆಕೆಂಡ್ ಸುಮ್ಮನಿರುತ್ತದೆ, ಅಷ್ಟರಲ್ಲಿ ನಾನು ನಡುವಿಗೆ ಹೋಗಿ ಹಿಡಿ ಹಿಡಿಯಬೇಕು. ಆಮೇಲೆ ಮೂರು ನಿಮಿಷ ಓಟ. ನಿಲ್ಲುವ ಮೊದಲು ಮೋಟರ್ ಒಂದು ಸಲ ತಗ್ಗಿ ಎಚ್ಚರಿಸುತ್ತದೆ. ಮೇಜಿನ ಮೇಲೆ ಫ್ಯಾನ್ ಬಿಚ್ಚಿಟ್ಟು ನೋಡಿದ್ದೇವೆ, ಸರಿಯಾಗಿದೆ.

ಈಗ ಇರುವ ಸ್ಥಿತಿ

ಬಾಲ್ಸಾ ಕೊರಿಯರ್‌ನಲ್ಲಿ ಬಂತು. ಬಂದ ವಾರದಲ್ಲೇ ಹಾಳೆಗಳು ಮಳೆಯ ಥಂಡಿಗೆ ಬಾಗತೊಡಗಿದವು. ಅತ್ತೆ ನೋಡಿ, ಒಲೆಯ ಮೇಲಿನ ಅಟ್ಟದಲ್ಲಿ ಇಡು ಅಂದರು. ಕೊಬ್ಬರಿ, ವಾಟೆಹುಳಿ ಇರುವ ಜಾಗ. ಭಾರಕ್ಕೆ ಎರಡು ಮಣೆ ಹೇರಿ ಇಟ್ಟೆ, ನೆಟ್ಟಗಾದವು. ಚೂರು ಹೊಗೆ ಬಣ್ಣ ಹಿಡಿದಿದೆ, ಹಳದಿ ಬಣ್ಣ ಬಳಿದರೆ ಕಾಣುವುದಿಲ್ಲ.

ರಿಬ್‌ಗಳನ್ನೆಲ್ಲ ಕೊಯ್ದಾಗಿದೆ. ಪ್ಲೈವುಡ್ಡಿನ ಎರಡು ಅಚ್ಚಿನ ನಡುವೆ ಬಾಲ್ಸಾ ತುಂಡುಗಳನ್ನು ಬೋಲ್ಟ್ ಹಾಕಿ ಬಿಗಿದು ಒಟ್ಟಿಗೇ ಉಜ್ಜಿದರೆ ಎಲ್ಲವೂ ಒಂದೇ ಅಳತೆಗೆ ಬರುತ್ತವೆ. ಎಡ ರೆಕ್ಕೆ ಪ್ಲಾನಿನ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ ಅಂಟಿಸಿದೆ, ಬಲದ್ದು ಬಾಕಿ. ಬೆಲ್‌ಕ್ರ್ಯಾಂಕ್ ಕೂರುವ ಪ್ಲೈವುಡ್ ಪಟ್ಟಿಯನ್ನು ಎರಡೂ ಸ್ಪಾರ್‌ಗೆ ಸೇರಿಸಿ ಎಪಾಕ್ಸಿ ಹಾಕಿದ್ದೇನೆ. ಎರಡು ಕೆ.ಜಿ. ಎಳೆತ ಬೀಳುವುದು ಅಲ್ಲೇ, ಅಲ್ಲಿ ಗ್ರಾಂ ಉಳಿಸಲು ಹೋಗಬಾರದು. ಹಾರಿಸುವ ಮೊದಲು ಬಾಡಿ ಹಿಡಿದು ತಂತಿಯನ್ನು ತಕ್ಕಡಿಗೆ ಸಿಕ್ಕಿಸಿ ಅದರ ಹಲವು ಪಟ್ಟು ಎಳೆದು ನೋಡಬೇಕು.

ಜಾಗ ಮಂಡಗದ್ದೆ ಕಡೆ ಭಾವನ ಗದ್ದೆ. ಕೊಯ್ಲು ಮುಗಿದ ಮೇಲೆ ಅಂತ ಮಾತಾಗಿದೆ. ಒಂದು ಮೂಲೆಯಲ್ಲಿ ಕರೆಂಟ್ ಲೈನ್ ಹಾದಿದೆ, ಕಂಟ್ರೋಲ್ ಲೈನಿಗೆ ಅದರಷ್ಟು ಅಪಾಯ ಬೇರೆ ಇಲ್ಲ. ಕೈಯಲ್ಲಿ ಹಿಡಿದಿರುವುದೇ ತಂತಿ ಅಲ್ವಾ. ಹಾಗಾಗಿ ನಡುವಿನ ಗೂಟವನ್ನು ತೋಟದ ಕಡೆಗೆ ಸರಿಸಿ ಅಳೆಯಬೇಕು. ತೋಟಕ್ಕೆ ಜಾಸ್ತಿ ಹತ್ತಿರ ಹೋದರೆ ಭಾವ ಅಡಿಕೆ ಗೊನೆ ಲೆಕ್ಕ ಕೇಳುತ್ತಾರೆ. ಮುಂದಿನ ಭಾನುವಾರ ಅಳತೆ ಟೇಪ್ ತಗೊಂಡು ಹೋಗುತ್ತಿದ್ದೇನೆ. ಅಷ್ಟರಲ್ಲಿ ಬಲ ರೆಕ್ಕೆ ಮುಗಿಸುವ ಆಸೆ.