ಮೌಸ್ ಬಿಟ್ಟು ಪ್ಯಾನೆಲ್ ಹಿಡಿದ ಮೇಲೆ: ಕಿರುಚಿತ್ರದ ಗ್ರೇಡಿಂಗ್ ಎಲ್ಲಿಗೆ ಬಂತು

ಕಿರುಚಿತ್ರದ ಮನೆಯೊಳಗಿನ ದೃಶ್ಯಗಳ ಕಲರ್ ಗ್ರೇಡಿಂಗ್ ಮುಗಿಯಿತು. ಹೊರಗಿನ ದೃಶ್ಯಗಳು ಅರ್ಧ ಆಗಿವೆ. ಬಣ್ಣ, ಬೆಳಕು ಹೊಂದಿಸುವ ಮೊದಲ ಹಂತದ ಕೆಲಸ ಈಗ ಮೌಸ್ ಬದಲು ಪೂರ್ತಿ ಪ್ಯಾನೆಲ್‌ನಲ್ಲೇ (ಬಾಲ್, ನಾಬ್‌ಗಳಿರುವ ಸಾಧನ) ನಡೆಯುತ್ತಿದೆ.

ನಾನು ಬಳಸುತ್ತಿರುವುದು ಬ್ಲ್ಯಾಕ್‌ಮ್ಯಾಜಿಕ್ ಡಿಸೈನ್ 2024ರಲ್ಲಿ ತಂದ ಡಾವಿಂಚಿ ರಿಸಾಲ್ವ್ ಮೈಕ್ರೋ ಕಲರ್ ಪ್ಯಾನೆಲ್. ಮೂರು ಟ್ರ್ಯಾಕ್‌ಬಾಲ್, ಪ್ರತಿಯೊಂದರ ಸುತ್ತ ಒಂದು ರಿಂಗ್, ಮೇಲ್ಗಡೆ 12 ನಾಬ್. ಯುಎಸ್‌ಬಿ-ಸಿ ವೈರಿನಲ್ಲೂ ಬ್ಲೂಟೂತ್‌ನಲ್ಲೂ ಜೋಡಿಸಬಹುದು. ಇದು ಅದೇ ಕಂಪನಿಯ ರಿಸಾಲ್ವ್ ಸಾಫ್ಟ್‌ವೇರ್‌ಗಷ್ಟೇ. ಬೇರೆ ಸಾಫ್ಟ್‌ವೇರ್ ಬಳಸುವವರು ಟ್ಯಾಂಜೆಂಟ್ ಪ್ಯಾನೆಲ್‌ಗಳ ಕಡೆ ನೋಡಬೇಕು.

ಪ್ಯಾನೆಲ್ ಅಂದರೆ ಬೇಗ ಕೆಲಸ ಮುಗಿಯುತ್ತದೆ ಅಂತ ಜಾಸ್ತಿ ಜನ ಹೇಳುತ್ತಾರೆ. ನನಗೆ ಮುಖ್ಯ ಅನಿಸಿದ್ದು ಬೇರೆ: ಎರಡು ಕೈಯೂ ಒಟ್ಟಿಗೆ ಕೆಲಸ ಮಾಡುತ್ತವೆ, ಕಣ್ಣು ಚಿತ್ರ ಬಿಟ್ಟು ಕದಲುವುದಿಲ್ಲ.

ಎಡಗಡೆ ಲಿಫ್ಟ್ (ಕಪ್ಪು, ನೆರಳಿಗೆ), ನಡುವೆ ಗಾಮಾ (ಮಧ್ಯದ ಬೆಳಕಿಗೆ), ಬಲಗಡೆ ಗೇನ್ (ಹೆಚ್ಚು ಬೆಳಕಿನ ಭಾಗಕ್ಕೆ). ಬಾಲ್ ಉರುಳಿಸಿದರೆ ಬಣ್ಣ ಬದಲಾಗುತ್ತದೆ, ರಿಂಗ್ ತಿರುಗಿಸಿದರೆ ಬೆಳಕು. ಈ ಮೂರೂ ಬೇರೆ ಬೇರೆ ಅಲ್ಲ. ಲಿಫ್ಟ್ ಇಳಿಸಿದರೆ ಬಿಳಿಯ ತುದಿ ಇದ್ದಲ್ಲೇ ಇರುತ್ತದೆ, ಆದರೆ ಕಪ್ಪಿನ ಜೊತೆ ಮಧ್ಯದ ಭಾಗವೂ ಕುಸಿಯುತ್ತದೆ. ಗೇನ್ ಏರಿಸಿದರೆ ಕಪ್ಪು ಹಾಗೇ ನಿಂತು ಮಧ್ಯವೂ ಮೇಲೇರುತ್ತದೆ. ಅಂದರೆ ಒಂದನ್ನು ಮುಟ್ಟಿದರೆ ಇನ್ನೊಂದನ್ನು ಸರಿಮಾಡಲೇಬೇಕು. ಮೌಸ್‌ನಲ್ಲಿ ಇದು ಒಂದಾದ ಮೇಲೆ ಒಂದು. ಲಿಫ್ಟ್, ಆಮೇಲೆ ಗಾಮಾ, ಮತ್ತೆ ಲಿಫ್ಟ್. ಪ್ಯಾನೆಲ್‌ನಲ್ಲಿ ಎಡಗೈ ಕಪ್ಪನ್ನು ಇಳಿಸುತ್ತಿರುವಾಗಲೇ ಬಲಗೈ ಮುಖದ ಬೆಳಕನ್ನು ಹಿಡಿದುಕೊಂಡಿರುತ್ತದೆ. ತಕ್ಕಡಿಯ ಎರಡೂ ತಟ್ಟೆಗಳನ್ನು ಒಟ್ಟಿಗೆ ತೂಗಿದ ಹಾಗೆ.

ಕಿಟಕಿ ಪಕ್ಕದ ದೃಶ್ಯದಲ್ಲಿ ಇದು ಚೆನ್ನಾಗಿ ಗೊತ್ತಾಯಿತು. ಬೆಳಕು ಬಿದ್ದ ಕಡೆ ಸ್ವಲ್ಪ ಬೆಚ್ಚಗೆ, ನೆರಳು ತಣ್ಣಗೆ ಬೇಕಿತ್ತು. ಗೇನ್ ಬಾಲನ್ನು ಕಿತ್ತಳೆ ಕಡೆಗೆ ಉರುಳಿಸಿದರೆ ಗೋಡೆ ಜೊತೆ ಮುಖವೂ ಕಿತ್ತಳೆಯಾಗುತ್ತದೆ. ಅದೇ ಹೊತ್ತಿಗೆ ಗಾಮಾ ಬಾಲನ್ನು ಎದುರು ದಿಕ್ಕಿಗೆ ಒಂಚೂರು ಒತ್ತಿದೆ. ಚರ್ಮದ ಬಣ್ಣ ವಾಪಸ್ ಬಂತು, ಗೋಡೆಯ ಬೆಚ್ಚನೆ ಉಳಿಯಿತು. ಪಕ್ಕದಲ್ಲಿ ಆರ್‌ಜಿಬಿ ಪರೇಡ್ (ಕೆಂಪು, ಹಸಿರು, ನೀಲಿಯ ಮಟ್ಟ ತೋರಿಸುವ ಗ್ರಾಫ್) ತೆರೆದೇ ಇರುತ್ತದೆ. ನೆರಳಿನಲ್ಲಿ ನೀಲಿ ಎಷ್ಟು ಮೇಲೆದ್ದಿದೆ ಅಂತ ಅದರ ತಳದಲ್ಲಿ ಕಾಣುತ್ತದೆ.

ಕಣ್ಣಿನ ವಿಷಯವೂ ಅಷ್ಟೇ ದೊಡ್ಡದು. ಚಿತ್ರದಲ್ಲಿ ಹಸಿರು ಛಾಯೆ ಇದ್ದರೆ ಸ್ವಲ್ಪ ಹೊತ್ತಿಗೇ ಕಣ್ಣು ಅದಕ್ಕೆ ಒಗ್ಗಿಕೊಳ್ಳುತ್ತದೆ, ಆಮೇಲೆ ಅದೇ ಸರಿ ಅನಿಸಿಬಿಡುತ್ತದೆ. ಸ್ಕ್ರೀನಿನ ಮೂಲೆಯಲ್ಲಿ ಮೌಸ್ ಹುಡುಕಿ, ತೆರೆಯ ಮೇಲಿನ ಬಣ್ಣದ ಚಕ್ರ ಹಿಡಿದು, ಮತ್ತೆ ಚಿತ್ರ ನೋಡುವಷ್ಟರಲ್ಲಿ ಮೊದಲು ಕಂಡದ್ದು ಮರೆತಿರುತ್ತದೆ. ಈಗ ಕಂಡ ಕ್ಷಣದಲ್ಲೇ ಕೈ ಸರಿಮಾಡುತ್ತದೆ. ಆದರೂ ಆಗಾಗ ಕಣ್ಣು ತೆಗೆದು ಬಣ್ಣವಿಲ್ಲದ ಬೂದು ಗೋಡೆ ನೋಡಬೇಕು. ಅದನ್ನು ಯಾವ ಪ್ಯಾನೆಲ್ಲೂ ತಪ್ಪಿಸಲಾರದು.

ಕೈ ಪಳಗಲಿಕ್ಕೆ ಮಾಡಿಕೊಂಡ ಅಭ್ಯಾಸ ಇದು: ಒಂದು ಲಾಗ್ ಶಾಟ್ (ಇನ್ನೂ ತಿದ್ದದ, ಸಪ್ಪೆಯಾಗಿ ಕಾಣುವ ಕ್ಯಾಮೆರಾ ಶಾಟ್) ತೆಗೆದುಕೊಂಡು, ಮುಗಿದ ಶಾಟಿನ ಸ್ಟಿಲ್ ಪಕ್ಕದಲ್ಲಿಟ್ಟು, ಬಾಲ್ ಮತ್ತು ರಿಂಗ್‌ಗಳಿಂದಷ್ಟೇ ಅದರ ಹತ್ತಿರ ತರುವುದು. ಮೊದಲು ಆಫ್‌ಸೆಟ್. ಅದು ಇಡೀ ಚಿತ್ರವನ್ನು ಒಂದೇ ಸಮ ಎತ್ತುತ್ತದೆ, ಇಳಿಸುತ್ತದೆ. ಆಮೇಲೆ ಕಾಂಟ್ರಾಸ್ಟ್ ನಾಬ್, ಮತ್ತು ಆ ಕಾಂಟ್ರಾಸ್ಟ್ ಯಾವ ಬೆಳಕಿನ ಮಟ್ಟದ ಸುತ್ತ ಬದಲಾಗಬೇಕು ಅಂತ ಹೇಳುವ ಪಿವಟ್ ನಾಬ್. ಲಿಫ್ಟ್, ಗಾಮಾ, ಗೇನ್ ಕೊನೆಗೆ. ಈ ಕ್ರಮದಲ್ಲಿ ಹೋದರೆ ಕೊನೆಯಲ್ಲಿ ಎಳೆದಾಡುವುದು ತುಂಬಾ ಕಮ್ಮಿ.

ಕರ್ವ್ಸ್ (ಗೆರೆ ಬಗ್ಗಿಸಿ ತಿದ್ದುವುದು), ಕ್ವಾಲಿಫೈಯರ್ (ಒಂದು ಬಣ್ಣವನ್ನಷ್ಟೇ ಆರಿಸುವುದು), ಚಿತ್ರದ ಒಂದು ಭಾಗವನ್ನಷ್ಟೇ ತಿದ್ದಲು ಪವರ್ ವಿಂಡೋ ಆಕಾರ ಎಳೆಯುವುದು, ಇವಕ್ಕೆಲ್ಲ ಮೌಸೇ ಸರಿ. ಈ ಚಿಕ್ಕ ಪ್ಯಾನೆಲ್‌ನಲ್ಲಿ ಸ್ವಂತ ಸ್ಕ್ರೀನ್ ಇಲ್ಲ, ಹಾಗಾಗಿ ಯಾವ ನೋಡ್‌ನಲ್ಲಿ (ತಿದ್ದುಪಡಿಯ ಒಂದೊಂದು ಹಂತ) ಇದ್ದೇನೆ ಅಂತ ಮಾನಿಟರ್ ನೋಡಿಯೇ ತಿಳಿಯಬೇಕು.

ಉಳಿದಿರುವುದು ಮೋಡ ಸರಿಯುವ ಶಾಟ್‌ಗಳು. ಶಾಟಿನ ಮಧ್ಯದಲ್ಲೇ ಬೆಳಕು ಬದಲಾಗುವುದರಿಂದ ಕೀಫ್ರೇಮ್ (ಯಾವ ಕ್ಷಣಕ್ಕೆ ಎಷ್ಟು ತಿದ್ದಬೇಕು ಅನ್ನುವ ಗುರುತು) ಹಾಕಬೇಕು. ಎಲ್ಲಕ್ಕಿಂತ ವೈಡ್ ಆದ ಶಾಟನ್ನು ಮೊದಲು ಹೊಂದಿಸಿ, ಸ್ಟಿಲ್ ತೆಗೆದು, ಉಳಿದವನ್ನು ಅದಕ್ಕೆ ತಾಳೆ ಹಾಕುತ್ತೇನೆ.